ಮೀನಿನ ಬಾವುಟದವರು

ನಮ್ಮ ರಸ್ತೆಯ ಟ್ರಾವೆಲ್ಸ್‌ನವರು ಹೊಸ ಬ್ಯಾನರ್ ಕಟ್ಟಿದ್ದಾರೆ: ‘ಕಾಶಿ, ಪ್ರಯಾಗ, ಗಯಾ. ನಮ್ಮ ಕಡೆಯ ಊಟ ಸಹಿತ.’ ಸೊಸೆಗೆ ನಗು. “ಇವರಿಗ್ಯಾಕೆ ಮಾವ ದುಡ್ಡು ಸುರೀಬೇಕು? ರೈಲು, ರೂಮು ಎಲ್ಲಾ ಮೊಬೈಲ್‌ನಲ್ಲೇ ಆಗತ್ತೆ” ಅಂದಳು. ಆಗತ್ತೆ, ಇಲ್ಲ ಅನ್ನಲಾರೆ. ಆದರೆ ನನ್ನ ತಲೆಯಲ್ಲಿ ಆಗಲೇ ಮೀನಿನ ಬಾವುಟ ಹಾರತೊಡಗಿತ್ತು.

ಪ್ರಯಾಗದ ತ್ರಿವೇಣಿಯ ಮರಳಿನಲ್ಲಿ ಪಂಡಾಗಳು, ಅಂದರೆ ಯಾತ್ರಿಕರ ಪುರೋಹಿತರು, ಉದ್ದನೆಯ ಬಿದಿರು ಗಳುಗಳ ತುದಿಗೆ ಬಾವುಟ ಕಟ್ಟಿರುತ್ತಾರೆ. ಒಬ್ಬರದು ಮೀನು, ಒಬ್ಬರದು ಆನೆ, ಇನ್ನೊಬ್ಬರದು ಕತ್ತಿ. ಓದು ಬಾರದ ಯಾತ್ರಿಕರಿಗೆ ಅದೇ ವಿಳಾಸ. ನಮ್ಮಜ್ಜಿಗೆ ಹಿಂದಿಯ ಒಂದಕ್ಷರವೂ ಗೊತ್ತಿರಲಿಲ್ಲ; “ಮೀನು ಹುಡುಕಿ” ಎಂದು ಊರಿನ ಹಿರಿಯರು ಹೇಳಿಕಳಿಸಿದ್ದಷ್ಟೇ ಆಧಾರ. ಆ ಜನಜಾತ್ರೆಯಲ್ಲಿ ಕತ್ತೆತ್ತಿ ಮೀನು ಹುಡುಕುತ್ತ ಹೋದ ಅಜ್ಜ ಅಜ್ಜಿಯನ್ನು ಪಂಡಾ ಚಾಪೆಯ ಮೇಲೆ ಕೂರಿಸಿ ಜಿಲ್ಲೆ ಕೇಳಿದ, ಊರು ಕೇಳಿದ. ಕೆಂಪು ಬಟ್ಟೆ ಸುತ್ತಿದ ಉದ್ದದ ವಹಿ ಬಿಚ್ಚಿ, ಪುಟ ಮಗುಚಿ, ಒಂದು ಕಡೆ ಬೆರಳಿಟ್ಟ. ಅಲ್ಲಿ ಅಜ್ಜನ ತಂದೆಯ ರುಜು, ಕನ್ನಡದಲ್ಲಿ! ಗಂಗೆಯಲ್ಲಿ ಮುಳುಗಿದ್ದನ್ನು ಅಜ್ಜಿ ಒಂದು ಮಾತಿನಲ್ಲಿ ಮುಗಿಸುತ್ತಿದ್ದಳು, ಈ ರುಜುವಿನ ಕತೆ ಮಾತ್ರ ಊಟದ ಹೊತ್ತು ಮೀರಿದರೂ ಮುಗಿಯುತ್ತಿರಲಿಲ್ಲ.

ಪ್ರವಾಸೋದ್ಯಮದ ಚರಿತ್ರೆ ಬರೆಯುವವರು ಥಾಮಸ್ ಕುಕ್‌ನಿಂದ ಶುರು ಮಾಡುತ್ತಾರೆ. 1841ರ ಜುಲೈ 5ರಂದು ಆತ ಸುಮಾರು 500 ಜನರನ್ನು, ತಲೆಗೊಂದು ಶಿಲಿಂಗ್‌ನಂತೆ, ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದ. ಹೋದದ್ದು ಪಾನನಿರೋಧದ ಸಭೆಗೆ! ಒಳ್ಳೆಯ ಮನುಷ್ಯನೇ. ಆದರೆ ಬಂದವರ ತಾತನ ಹೆಸರು ಅವನಿಗೆ ಗೊತ್ತಿತ್ತೇ? ಪಂಡಾಗಳಿಗೆ ಗೊತ್ತಿತ್ತು. ಹರಿದ್ವಾರದ ಪಂಡಾಗಳ ವಹಿಗಳನ್ನಂತೂ ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆಯವರು ಬಂದು ಮೈಕ್ರೋಫಿಲ್ಮ್ ಮಾಡಿಕೊಂಡರು. ಪಂಡಾಗಳ ದಕ್ಷಿಣೆಯ ಹಟ ನಿಮಗೂ ಗೊತ್ತು, ನನಗೂ ಗೊತ್ತು. ಇವತ್ತು ಆ ಮಾತು ಬೇಡ.

ಬ್ಯಾನರಿನವರ ಬಳಿ ವಹಿ ಇಲ್ಲ, ನಿಜ. ವಿಚಾರಿಸೋಣವೆಂದು ಹೋದರೆ ಆತ ದರ ಹೇಳುವ ಮೊದಲು ನನ್ನ ಮೊಣಕಾಲು ನೋಡಿದ. “ಜನವರಿ ಬೇಡಿ ಸಾರ್, ಮಂಜಿಗೆ ಆ ಕಡೆ ರೈಲು ಗಂಟೆಗಟ್ಟಲೆ ನಿಲ್ಲತ್ತೆ. ಪಿತೃಪಕ್ಷದಲ್ಲಿ ಗಯಾದಲ್ಲಿ ಕಾಲಿಡಕ್ಕೂ ಜಾಗ ಇರಲ್ಲ. ಪ್ರೇತಶಿಲೆ ಮೆಟ್ಟಿಲು ನಿಮ್ ಕೈಲಾಗಲ್ಲ, ಡೋಲಿ ಹೇಳಿಡ್ತೀನಿ” ಅಂದ. ಸಕ್ಕರೆ ಕಾಯಿಲೆ ಇದೆಯಾ, ರಾತ್ರಿ ಎಷ್ಟು ಸಲ ಏಳ್ತೀರಿ, ಕೆಳಗಿನ ಬರ್ತೇ ಬೇಕಾ ಎಂದು ಒಂದೊಂದೇ ಕೇಳಿ ಚೀಟಿಯಲ್ಲಿ ಬರೆದುಕೊಂಡ. ಇದನ್ನೆಲ್ಲ ನನ್ನ ಮಗನೂ ಕೇಳಿಲ್ಲ. ರೈಲು ರದ್ದಾದರೆ ನಡುರಾತ್ರಿಯಲ್ಲಿ ಬೈಯುವುದಕ್ಕೆ ಒಬ್ಬ ಮನುಷ್ಯ ಸಿಗುತ್ತಾನೆ ಅನ್ನುವುದು ಬೇರೆ. ಮೊಬೈಲ್ ಅನ್ನು ಬೈದರೆ ಏನು ಬಂತು?

ನೀವೂ ಹೊರಡುವುದಿದ್ದರೆ ಇಷ್ಟು ನೋಡಿ: ಹೋದ ಕೂಡಲೇ ದರಪಟ್ಟಿ ಚಾಚುವವರ ಅಂಗಡಿಯಿಂದ ಎದ್ದು ಬನ್ನಿ. ಊರು, ವಯಸ್ಸು, ಮಾತ್ರೆ ವಿಚಾರಿಸುವವರು ಸಿಕ್ಕರೆ ಚೌಕಾಸಿ ಮಾಡದೆ ಮುಂಗಡ ಕೊಡಿ.