ನೀರು ಎಷ್ಟು ಹಾಕಬೇಕು?

ಒಂದು ಬಟ್ಟಲು ಜೋಳದ ಹಿಟ್ಟಿಗೆ ನೀರು ಎಷ್ಟು? ನಿಮ್ಮನ್ನು ಯಾರಾದರೂ ಹೀಗೆ ಕೇಳಿದ್ದಾರೆಯೇ? ಧಾರವಾಡ ಬಿಟ್ಟು ಪುಣೆಗೆ ಬಂದು ಮೂವತ್ತೈದು ವರ್ಷ ರೊಟ್ಟಿ ಬಡಿದ ನನ್ನನ್ನು ಕಳೆದ ಚಳಿಗಾಲದಲ್ಲಿ ಹತ್ತು ವರ್ಷದ ಮೊಮ್ಮಗಳು ಕೇಳಿದಳು. "ಹಿಟ್ಟು ಎಷ್ಟು ಹಿಡೀತದೋ ಅಷ್ಟು" ಎಂದೆ. "ಅದು ಉತ್ತರ ಅಲ್ಲ ಅಜ್ಜಿ" ಎಂದು ಪೆನ್ಸಿಲ್ ಕೆಳಗಿಟ್ಟಳು. ಬಿ.ಎ.ಯಲ್ಲಿ ಓದಿದ ಡಿಕನ್ಸನ 'ಹಾರ್ಡ್ ಟೈಮ್ಸ್' ನೆನಪಾಯಿತು. ಕುದುರೆಗಳ ನಡುವೆಯೇ ಬೆಳೆದ ಸಿಸಿಗೆ, ಕುದುರೆ ಎಂದರೇನು ಎಂದು ತರಗತಿಯಲ್ಲಿ ಹೇಳಲು ಬರುವುದಿಲ್ಲ. ನನ್ನದೂ ಅದೇ ಪಾಡು!

ಮೊಮ್ಮಗಳದು ಕೋಥರೂಡಿನ ಕಡೆಯ ಒಂದು ಪುಟ್ಟ ಶಾಲೆ. ವರ್ಷಕ್ಕೊಂದು ವಾರ ಅಲ್ಲಿ ಪುಸ್ತಕ ತೆರೆಯುವುದಿಲ್ಲ. ಪ್ರತಿ ಮಗುವೂ ತನಗೆ ಬಾರದ ಒಂದು ಕೆಲಸವನ್ನು ತಾನೇ ಆರಿಸಿ, ತಾನೇ ಕಲಿತು, ಶನಿವಾರ ಎಲ್ಲರೆದುರು ಮಾಡಿ ತೋರಿಸಬೇಕು. ಒಬ್ಬ ಹುಡುಗ ಸೈಕಲ್ ಪಂಕ್ಚರ್ ಹಿಡಿದ, ನಮ್ಮವಳು ರೊಟ್ಟಿ. ಮನೆಗೊಂದು ಚೀಟಿಯೂ ಬಂತು: ಕೇಳಿದರೆ ತೋರಿಸಿ, ಕೈ ಹಾಕಬೇಡಿ.

ಇದೇನು ಹೊಸ ಫ್ಯಾಶನ್ ಎಂದು ಮೂಗು ಮುರಿಯಬೇಡಿ. ನಾನು ಮುರಿದಾಗಿದೆ. ನಮ್ಮ ಪುಣೆ ಜಿಲ್ಲೆಯ ಪಾಬಳ ಗ್ರಾಮದಲ್ಲಿ ಡಾ. ಎಸ್. ಎಸ್. ಕಲಬಾಗ್ ಅವರು 1983ರಲ್ಲಿಯೇ 'ವಿಜ್ಞಾನ ಆಶ್ರಮ' ತೆರೆದರು. ಶಾಲೆ ಬಿಟ್ಟ ಹಳ್ಳಿಯ ಹುಡುಗರು ಅಲ್ಲಿ ವೆಲ್ಡಿಂಗ್, ಬೇಸಾಯ ಮಾಡುತ್ತಲೇ ವಿಜ್ಞಾನ ಕಲಿತರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿದೆ.

ಸೋಮವಾರ ತಣ್ಣೀರು ಹಾಕಿದಳು. ರೊಟ್ಟಿ ಬೇಸಿಗೆಯ ಕೆರೆಯಂತೆ ಬಿರಿಯಿತು. ಮಂಗಳವಾರ ಎಸರು ಇಟ್ಟು ಕುದಿನೀರು ಹಾಕಿದಳು, ಹಿಟ್ಟು ಕೂಡಿಕೊಂಡಿತು. ಏಕೆಂದು ಶಾಲೆಯಲ್ಲಿ ಕೇಳಿಕೊಂಡು ಬಂದು ನನಗೇ ಪಾಠ ಹೇಳಿದಳು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿನೀರು ಬಿದ್ದಾಗ ಜೋಳದ ಪಿಷ್ಟ ಅರೆಬೆಂದು ಅಂಟಾಗುತ್ತದೆ. ಬುಧವಾರ, ಡಬ್ಬಿಯಲ್ಲಿ ಎರಡು ತಿಂಗಳಿಂದ ಕುಳಿತ ಹಿಟ್ಟನ್ನೂ ಅಂದೇ ಗಿರಣಿಯಿಂದ ತಂದ ಹಿಟ್ಟನ್ನೂ ಪಕ್ಕಪಕ್ಕದಲ್ಲಿ ನಾದಿ ನೋಡಿದಳು. ಹಳೆಯದರಲ್ಲಿ ಜಿಗುಟೇ ಇರಲಿಲ್ಲ. ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಬಾಯಿ ಬಿಡಲಿಲ್ಲ, ಅಷ್ಟರ ಮಟ್ಟಿಗೆ ನನ್ನನ್ನು ಮೆಚ್ಚಿಕೊಳ್ಳಿ.

ಗುರುವಾರ ತಡೆಯಲಾಗಲಿಲ್ಲ. ಅಂಚು ಹರಿದು ಹರಿದು ಅವಳ ಕಣ್ಣಲ್ಲಿ ನೀರು ಬಂದಿತ್ತು. ಮುಖ ತೊಳೆಯಲು ಹೋದಾಗ ಹಿಟ್ಟು ನಾದಿ, ಚಂದಿರನಂಥ ರೊಟ್ಟಿ ಬಡಿದಿಟ್ಟೆ. ಬಂದವಳು ನೋಡಿದಳು. ಏನೂ ಅನ್ನದೆ ಅದನ್ನು ನನ್ನ ತಾಟಿಗೆ ಹಾಕಿ, ಹೊಸ ಹಿಟ್ಟು ಅಳೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಮಗಳು, "ಶನಿವಾರವಾಡಾ ನೆನಪದ ಏನವ್ವಾ?" ಎಂದಳು.

ನೆನಪಿಲ್ಲದೆ ಏನು? 2001, ಆಗ ಅವಳು ಆರನೆಯ ಇಯತ್ತೆ. ಶಾಲೆಯ ಪ್ರದರ್ಶನಕ್ಕೆ ರಟ್ಟಿನ ಶನಿವಾರವಾಡೆ ಮಾಡುತ್ತಿದ್ದಳು. ಗೋಡೆ ವಾರೆಯಾಗಿತ್ತೆಂದು ಅವಳನ್ನು ಮಲಗಿಸಿ, ನಾನೂ ಇವರೂ ರಾತ್ರಿ ಎರಡರವರೆಗೆ ಕುಳಿತು ಐದೂ ದರವಾಜೆ ಕಟ್ಟಿದೆವು. ದಿಲ್ಲಿ ದರವಾಜೆಯ ಮುಳ್ಳುಗಳಿಗೆ ಲವಂಗ ಚುಚ್ಚಿದ್ದು ನನ್ನದೇ ಯುಕ್ತಿ. ಮೊದಲ ಬಹುಮಾನ ಬಂತು. ಪ್ರಶಸ್ತಿಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ.

"ನನ್ನ ಗೋಡೆ ಮುಂಜಾನೆ ಕಸದ ಬುಟ್ಟ್ಯಾಗಿತ್ತು" ಎಂದಳು ಮಗಳು. ಸಿಟ್ಟಿರಲಿಲ್ಲ. ಇಷ್ಟು ವರ್ಷ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಆ ಪ್ರದರ್ಶನದ ನಂತರ ಶಾಲೆಯ ಯಾವ ಸ್ಪರ್ಧೆಗೂ ಅವಳು ಹೆಸರು ಕೊಡಲಿಲ್ಲ. ನಾಚಿಕೆ ಸ್ವಭಾವ ಎಂದು ನಾನೇ ಬಂಧುಗಳಿಗೆ ಹೇಳಿಕೊಂಡು ಬಂದೆ. ದೀಪಾವಳಿಗೆ ಇಲ್ಲಿಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರಲ್ಲ, ಅದನ್ನು ಮಾತ್ರ ಪ್ರತಿವರ್ಷ ಉತ್ಸಾಹದಿಂದ ಕಟ್ಟುತ್ತಿದ್ದಳು. ಕೆಸರೆಂದು ನಾನು ಅತ್ತ ಸುಳಿಯುತ್ತಿರಲಿಲ್ಲ.

ಶನಿವಾರ ಶಾಲೆಗೆ ಹೋದೆವು. ಮೊಮ್ಮಗಳು ಮೂರು ರೊಟ್ಟಿ ಬಡಿದಳು, ಉಬ್ಬಿದ್ದು ಒಂದೇ. ಉಳಿದೆರಡು ಏಕೆ ಉಬ್ಬಲಿಲ್ಲ ಎಂದು ವಿವರಿಸುವಾಗ ದನಿ ನಡುಗಲಿಲ್ಲ. ಆಮೇಲೆ ವಹಿ ತೆರೆದು ನೋಡಿದೆ. ಹೊಸ ಹಿಟ್ಟು ಒಂದು ಬಟ್ಟಲು, ಕುದಿನೀರು ಮುಕ್ಕಾಲು ಬಟ್ಟಲು, ಮೇಲೆ ಎರಡು ಚಮಚೆ. ಅದರ ಕೆಳಗೆ ದುಂಡಗೆ ಬರೆದಿತ್ತು: ಕಲಿಸಿದವರು, ಅಜ್ಜಿ. ಗುರುವಾರ ಬಿಟ್ಟು.