ಬೈಲಕುಪ್ಪೆಯಲ್ಲಿ ನೆನಪಾದ ಸಾಸಿವೆ

ನಮ್ಮದು ಗುಬ್ಬಿ ತಾಲ್ಲೂಕಿನ ಚೇಳೂರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಮೊದಲೆಲ್ಲ ಯಾವ ಊರಿಗೆ ಹೋದರೂ ಅಲ್ಲಿನ ದೇವಸ್ಥಾನಕ್ಕೆ ಹೋಗಿ, ದೇವರ ಮುಂದೆ ನಿಂತು ಏನಾದರೊಂದು ಕೇಳಿಕೊಳ್ಳುತ್ತಿದ್ದೆ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟೆ.

ದಸರಾ ರಜೆಯಲ್ಲಿ ಮಗ ನಮ್ಮನ್ನೆಲ್ಲ ಕಾರಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೊರಟ. ಕುಶಾಲನಗರಕ್ಕೆ ಸ್ವಲ್ಪ ಮೊದಲು ಬೈಲಕುಪ್ಪೆ ಸಿಗುತ್ತದೆ. ಆರನೇ ತರಗತಿಯ ಮೊಮ್ಮಗಳು "ಗೋಲ್ಡನ್ ಟೆಂಪಲ್ ನೋಡಲೇಬೇಕು" ಎಂದು ಹಟ ಹಿಡಿದಳು.

ಮಕ್ಕಳೇ, ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. 1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಮನೆಮಠ ಬಿಟ್ಟು, ಹಿಮಾಲಯ ದಾಟಿ ಬಂದರು. ಅಂದಿನ ಮೈಸೂರು ಸರ್ಕಾರ ಅವರಿಗೆ ಇಲ್ಲಿ ಜಮೀನು ಕೊಟ್ಟಿತು. ಅವರು ಕಾಡು ಸವರಿ, ಜೋಳ ಬೆಳೆದು ಊರು ಕಟ್ಟಿದರು. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದಾಗ ಅದೊಂದು ಬಿದಿರಿನ ಗುಡಿ. ಈಗ ಎಲ್ಲರೂ ನೋಡಲು ಹೋಗುವ ಚಿನ್ನದ ದೇವಾಲಯ 1999ರಲ್ಲಿ ಉದ್ಘಾಟನೆಯಾಯಿತು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಎದುರಿಗೆ ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳು. ನಡುವೆ ಸುಮಾರು 60 ಅಡಿ ಎತ್ತರದ ಬುದ್ಧ. ಅಕ್ಕಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಅಲ್ಲಿ ಮಂಗಳಾರತಿ ತಟ್ಟೆ ಬರಲಿಲ್ಲ, ಯಾರೂ ತೀರ್ಥ ಕೊಡಲಿಲ್ಲ. ಬ್ಯಾಂಕಿಗೆ ಮೊದಲ ಸಲ ಬಂದವರು ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಿದ್ದರಲ್ಲ, ಹಾಗೆ ನಿಂತೆ.

ಒಂದು ಪಕ್ಕದಲ್ಲಿ ನನ್ನ ವಯಸ್ಸಿನ ವಿದೇಶಿ ಹೆಂಗಸೊಬ್ಬರು ನೆಲದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಇಷ್ಟು ದೂರದಿಂದ ಬಂದ ಇವರಿಗೆ ಇಲ್ಲಿ ಏನು ಸಿಗುತ್ತದೋ ಅಂದುಕೊಂಡೆ. ಮರುಕ್ಷಣ, ಈ ಗುಡಿಗೆ ನಾನೂ ಅವರಷ್ಟೇ ಹೊರಗಿನವನಲ್ಲವೇ ಅನ್ನಿಸಿತು. ಮಂಡಿನೋವು ಸಹಿಸಿಕೊಂಡು ನಾನೂ ಕೂತೆ. ಮೊಮ್ಮಗಳು ಪಕ್ಕದಲ್ಲಿ ಕೂತಳು.

"ತಾತ, ಅಮಿತಾಯುಸ್ ಅಂದ್ರೆ ಏನು?"

"ಅಳತೆಯೇ ಇಲ್ಲದಷ್ಟು ಆಯಸ್ಸು ಇರುವವನು, ಪುಟ್ಟಿ."

"ಹಾಗಾದ್ರೆ ಅಜ್ಜಿಗೆ ಸ್ವಲ್ಪ ಕೊಡಬಹುದಿತ್ತಲ್ವಾ?"

ಒಂದು ರೂಪಾಯಿ ಲೆಕ್ಕ ತಪ್ಪಿದರೂ ರಾತ್ರಿಯವರೆಗೆ ಕೂತು ಸರಿ ಮಾಡಿದವನು ನಾನು. ಈ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೆಲುದನಿಯಲ್ಲಿ ಕಿಸಾಗೋತಮಿಯ ಕಥೆ ಹೇಳಿದೆ. ಸತ್ತ ಮಗುವನ್ನು ಬದುಕಿಸಿಕೊಡಿ ಎಂದು ಬಂದ ಆ ತಾಯಿಗೆ, ಸಾವಿಲ್ಲದ ಮನೆಯ ಸಾಸಿವೆ ತರಲು ಬುದ್ಧ ಹೇಳಿದ. ಅವಳು ಮನೆಮನೆಗೂ ಅಲೆದು ಬರಿಗೈಯಲ್ಲಿ ಬಂದಳು.

ಮೊಮ್ಮಗಳು ಸುತ್ತ ನೋಡಿದಳು. ಬಾಗಿಲ ಬಳಿ ನಿಂತಿದ್ದ ವಯಸ್ಸಾದ ಭಿಕ್ಷುವನ್ನು ನೋಡಿದಳು. ಆ ವಿದೇಶಿ ಹೆಂಗಸನ್ನು ನೋಡಿದಳು.

"ಅವರ ಮನೇಲೂ ಸಿಗಲ್ವಾ, ತಾತ?"

"ಸಿಗಲ್ಲ, ಪುಟ್ಟಿ."

ಹಾಗೆನ್ನುವಾಗ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಹೋದ ಮೇಲೆ ಯಾರ ಮುಂದೆಯೂ ಅತ್ತವನಲ್ಲ. ನನ್ನೊಬ್ಬನಿಗೇ ಹೀಗಾಯಿತೆಂದು ಒಂದು ವರ್ಷದಿಂದ ದೇವರ ಮೇಲೆ ಮುನಿಸಿಕೊಂಡಿದ್ದೆ. ಊರನ್ನೇ ಕಳೆದುಕೊಂಡು ಬಂದವರು ಕಟ್ಟಿದ ಗುಡಿಯಲ್ಲಿ ಕೂತಾಗ ಆ ಮುನಿಸು ಸಡಿಲವಾಯಿತು. ಅಲ್ಲಿ ನಾನು ಏನನ್ನೂ ಕೇಳಲಿಲ್ಲ. ಸುಮ್ಮನೆ ಕೂತಿದ್ದೆ, ಅಷ್ಟೆ.

ಏಳಲು ಕಷ್ಟಪಡುತ್ತಿದ್ದಾಗ ಆ ಹೆಂಗಸು ಬಂದು ಕೈ ಕೊಟ್ಟರು. ನಾನು ಕೈ ಮುಗಿದೆ. ಅವರೂ ಮುಗಿದರು. ನಮ್ಮಿಬ್ಬರ ನಡುವೆ ಮಾತೇನೂ ಆಗಲಿಲ್ಲ.

ಊರಿಗೆ ಬಂದ ಮರುದಿನ ಅಡುಗೆಮನೆಯಲ್ಲಿ ಸೊಸೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಚಟಪಟ ಸಿಡಿಯಿತು. ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಆ ಸಂಜೆ ಅವಳ ಕೈ ಹಿಡಿದುಕೊಂಡು, ವರ್ಷದ ಮೇಲೆ ನಮ್ಮೂರ ದೇವಸ್ಥಾನಕ್ಕೆ ಹೋಗಿ ಬಂದೆ.