ಕಂಡಷ್ಟೇ ಬರೆಯುವಾಕೆ

ಜಪಾನಿನ ಟೋಕಿಯೋ ನಗರದ ದಕ್ಷಿಣಕ್ಕೆ, ಸುಮಾರು 200 ಕಿಲೋಮೀಟರ್ ದೂರದ ಕಡಲಲ್ಲಿ, ಮಿಕುರಾ ಎಂಬ ಪುಟ್ಟ ದ್ವೀಪವಿದೆ. ಅದರ ಸುತ್ತಣ ನೀರಿನಲ್ಲಿ ಡಾಲ್ಫಿನ್‌ಗಳು ಸ್ವಚ್ಛಂದವಾಗಿ ಬಾಳುತ್ತವೆ. ಅವುಗಳನ್ನು ಒಂದೊಂದಾಗಿ ಗುರುತಿಸಿ ದಾಖಲಿಸುವ ಕಾರ್ಯ 1994ರಲ್ಲಿ ಮೊದಲಾಯಿತು.

ಕಡಲು ಶಾಂತವಾಗಿದ್ದರೆ ಸಂಶೋಧಕಿ ದೋಣಿಯೇರುತ್ತಾಳೆ. ಉಸಿರು ಬಿಗಿಹಿಡಿದು ನೀರಿಗಿಳಿದು ಚಿತ್ರ ತೆಗೆಯುತ್ತಾಳೆ. ಇರುಳು ದೀಪದೆದುರು ಕುಳಿತು, ಈಜುರೆಕ್ಕೆಯ ಸೀಳು, ಮೈಮೇಲಿನ ಗಾಯದ ಕಲೆಗಳಿಂದ ‘ಇದು ಇಂಥದೇ’ ಎಂದು ನಿಶ್ಚಯಿಸಿ ಪಟ್ಟಿಯಲ್ಲಿ ಬರೆಯುತ್ತಾಳೆ. ಕಡಲು ಕೆರಳಿದರೆ ದೋಣಿ ಹೊರಡದು. ಅಂದು ಕಾಯುವುದೇ ಕೆಲಸ.

ಒಮ್ಮೊಮ್ಮೆ ತಾಯಿಯೊಂದು ಮರಿಯಿಲ್ಲದೆ ಒಂಟಿಯಾಗಿ ಕಾಣಿಸುತ್ತದೆ. ಸಂಶೋಧಕಿಯ ಮನಸ್ಸು ಕಲಕುತ್ತದೆ. ಆದರೂ ಆಕೆ ‘ಸತ್ತಿತು’ ಎಂದು ಬರೆಯಳು. ‘ಇಂದು ಕಾಣಲಿಲ್ಲ’ ಎಂದಷ್ಟೇ ಬರೆಯುತ್ತಾಳೆ. ಕಂಡದ್ದನ್ನು ಮಾತ್ರ ನುಡಿಯುವ ಈ ಸಂಯಮವೇ ವಿಜ್ಞಾನದ ಮೊದಲ ಪಾಠ.